ಥೇಮ್ಸ್ ನದಿಯಲ್ಲಿ ಹಡಗುಗಳ ಡಿಕ್ಕಿ: ವಾಡಿಕೆಯಿಂದ ನಿಯಮದವರೆಗೆ

ಥೇಮ್ಸ್ ನದಿಯ ಕೊನೆಯ ಭಾಗ ಅರ್ಧ ಹೊಳೆ, ಅರ್ಧ ಕಡಲು. ಟೆಡಿಂಗ್ಟನ್‌ನ ಅಡ್ಡಗಟ್ಟೆಯಿಂದ ಸಮುದ್ರದವರೆಗಿನ ಸುಮಾರು 150 ಕಿಲೋಮೀಟರ್ ಉದ್ದಕ್ಕೂ ಉಬ್ಬರ ಇಳಿತಗಳು ನದಿಯನ್ನು ದಿನಕ್ಕೆರಡು ಬಾರಿ ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತವೆ. ಲಂಡನ್ ಸೇತುವೆಯ ಬಳಿ ನೀರಿನ ಮಟ್ಟ ಏಳು ಮೀಟರಿನವರೆಗೂ ಏರಿಳಿಯುತ್ತದೆ. ಈ ಏರಿಳಿತವೇ ಲಂಡನ್ನನ್ನು ಬಂದರನ್ನಾಗಿ ಮಾಡಿತು. ಉಬ್ಬರದ ಬೆನ್ನೇರಿ ಬಂದ ಹಡಗು ನಗರದ ನಡುಭಾಗ ತಲುಪುತ್ತಿತ್ತು, ಇಳಿತ ಶುರುವಾದರೆ ಹೊರಗೆ ಹೊರಡುತ್ತಿತ್ತು. ಆದರೆ ಒಂದೇ ಹೊತ್ತಿಗೆ ಎಲ್ಲರೂ ಹೊರಡುವ, ಎಲ್ಲರೂ ಬರುವ ಇಕ್ಕಟ್ಟಿನ ದಾರಿಯನ್ನು ನಿರ್ಮಿಸಿದ್ದೂ ಅದೇ ಏರಿಳಿತ. ಕಡಲಿನಲ್ಲಿ ಎದುರಾದ ಹಡಗಿನಿಂದ ದೂರ ಸರಿಯಲು ಜಾಗವಿರುತ್ತದೆ. ನದಿಯಲ್ಲಿ ಇಕ್ಕೆಲಗಳಲ್ಲೂ ದಡ, ತಳದಲ್ಲಿ ಕೆಸರು, ಎದುರಿಗೆ ತಿರುವು. ಇಂಥ ಕಡೆ ಎದುರಿನವನು ಯಾವ ಪಕ್ಕಕ್ಕೆ ಸರಿಯುತ್ತಾನೆ ಎಂಬುದು ಮೊದಲೇ ಗೊತ್ತಿರಬೇಕು. ಇಷ್ಟು ಸರಳವಾದ ಮಾತು ಥೇಮ್ಸ್‌ನಲ್ಲಿ ನೆಲೆಗೊಳ್ಳಲು ದೀರ್ಘ ಕಾಲ ಹಿಡಿಯಿತು.

ಉಗಿಹಡಗು ಬರುವ ಮೊದಲು

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ ಸೇತುವೆಯ ಕೆಳಗಿನ ಭಾಗ ಹಡಗುಗಳಿಂದ ಗಿಜಿಗುಡುತ್ತಿತ್ತು. ಉತ್ತರದ ನ್ಯೂಕಾಸಲ್ ಕಡೆಯಿಂದ ಕಲ್ಲಿದ್ದಲು ತರುವ ಹಾಯಿಹಡಗುಗಳು, ವೆಸ್ಟ್ ಇಂಡೀಸಿನಿಂದ ಬರುವ ಸಕ್ಕರೆಯ ಹಡಗುಗಳು, ಸರಕನ್ನು ದಡಕ್ಕೆ ಸಾಗಿಸುವ ಚಪ್ಪಟೆ ದೋಣಿಗಳು, ಜನರನ್ನು ದಾಟಿಸುವ ಅಂಬಿಗರ ದೋಣಿಗಳು ಎಲ್ಲವೂ ಅಲ್ಲೇ ನೆರೆದಿರುತ್ತಿದ್ದವು. ಅಂಬಿಗರ ಸಂಘ 1555ರಿಂದಲೇ ಇತ್ತು. ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳ ಮೇಲ್ವಿಚಾರಣೆ ಎಂಟನೆಯ ಹೆನ್ರಿ 1514ರಲ್ಲಿ ಸನ್ನದು ನೀಡಿದ ಟ್ರಿನಿಟಿ ಹೌಸ್ ಸಂಸ್ಥೆಯದಾಗಿತ್ತು. ಹಡಗುಗಳಿಂದ ಸರಕು ಕದಿಯುವವರ ಹಾವಳಿ ತಡೆಯಲು 1798ರಲ್ಲಿ ಪ್ಯಾಟ್ರಿಕ್ ಕೋಲ್ಕುಹೂನ್ ಮತ್ತು ಜಾನ್ ಹ್ಯಾರಿಯಟ್ ಎಂಬುವರು ವಾಪಿಂಗ್‌ನಲ್ಲಿ ನದಿ ಪೊಲೀಸ್ ಪಡೆಯನ್ನು ಕಟ್ಟಿದರು. 1802ರಲ್ಲಿ ವೆಸ್ಟ್ ಇಂಡಿಯಾ ಡಾಕ್ ತೆರೆದ ಬಳಿಕ ಕೆಲವು ಹಡಗುಗಳು ನದಿಯನ್ನು ಬಿಟ್ಟು ಗೋಡೆಯೊಳಗಿನ ಹಡಗುಕಟ್ಟೆ ಸೇರಿದವು.

ಹಾಯಿಹಡಗು ನಿಧಾನ, ದೋಣಿ ಹಗುರ. ಡಿಕ್ಕಿಯಾದರೂ ಹೆಚ್ಚಾಗಿ ಹಲಗೆ ಮುರಿಯುತ್ತಿತ್ತು, ಸರಕು ನೀರುಪಾಲಾಗುತ್ತಿತ್ತು. ಚಿತ್ರ ಬದಲಾದದ್ದು 1815ರಲ್ಲಿ ಥೇಮ್ಸ್‌ಗೆ ಮೊದಲ ಉಗಿಹಡಗು ಬಂದ ಮೇಲೆ. ಕೆಲವೇ ದಶಕಗಳಲ್ಲಿ ಗಾಲಿಯಂಥ ಹುಟ್ಟುಗಳಿಂದ ನೀರನ್ನು ತಳ್ಳುತ್ತ ಸಾಗುವ ಪ್ಯಾಡಲ್ ಹಡಗುಗಳು ಗ್ರೇವ್ಸೆಂಡ್, ಶೀರ್‌ನೆಸ್ ಕಡೆಗೆ ಸಾವಿರಾರು ಜನರನ್ನು ಸಾಗಿಸತೊಡಗಿದವು. 1852ರಲ್ಲಿ ನೀರಿಗಿಳಿದ ‘ಜಾನ್ ಬೋಸ್’ ಎಂಬ ಕಬ್ಬಿಣದ ಹಡಗು ಐದೇ ದಿನಗಳಲ್ಲಿ 650 ಟನ್ ಕಲ್ಲಿದ್ದಲನ್ನು ಲಂಡನ್ನಿಗೆ ತಂದಿಳಿಸಿ ಮರಳಿತು. ಇದರಿಂದ ಕಲ್ಲಿದ್ದಲು ಸಾಗಣೆಯೂ ಉಗಿಯಂತ್ರದ ಪಾಲಾಯಿತು. ಭಾರಿ ಕಬ್ಬಿಣದ ಸರಕುಹಡಗು ಮತ್ತು ಜನ ತುಂಬಿದ ತೆಳು ಒಡಲಿನ ವಿಹಾರದ ಹಡಗು ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಎದುರುಬದುರಾಗಿ ಸಾಗುವ ಕಾಲ ಬಂದಿತು.

ಎಡಕ್ಕೋ ಬಲಕ್ಕೋ

ಎದುರಾದ ಉಗಿಹಡಗುಗಳು ಒಂದನ್ನೊಂದು ತಮ್ಮ ಎಡಕ್ಕೆ ಬಿಟ್ಟು ದಾಟಬೇಕೆಂದು ಟ್ರಿನಿಟಿ ಹೌಸ್ 1840ರಲ್ಲಿ ನಿಯಮ ಹೊರಡಿಸಿತು. 1846ರಲ್ಲಿ ಅದು ಸಂಸತ್ತಿನ ಕಾಯಿದೆಯಾಯಿತು. ಎರಡು ವರ್ಷಗಳ ನಂತರ ದೀಪಗಳ ಕ್ರಮ ನಿಗದಿಯಾಯಿತು: ಹಡಗಿನ ಎಡಪಕ್ಕಕ್ಕೆ ಕೆಂಪು, ಬಲಪಕ್ಕಕ್ಕೆ ಹಸಿರು, ಕಂಬದ ಮೇಲೆ ಬಿಳಿ. ಕತ್ತಲಲ್ಲಿ ಕೆಂಪು ದೀಪ ಕಂಡರೆ ಎದುರಿನ ಹಡಗಿನ ಎಡಮಗ್ಗುಲು ತೋರುತ್ತಿದೆ ಎಂದರ್ಥ. ಕೆಂಪಿನ ಜಾಗದಲ್ಲಿ ಹಸಿರು ಕಂಡರೆ ಅದು ತಿರುಗುತ್ತಿದೆ ಎಂದರ್ಥ. 1863ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಈ ನಿಯಮಗಳನ್ನು ಕಡಲಿಗೂ ವಿಸ್ತರಿಸಿದವು. ಇತರ ರಾಷ್ಟ್ರಗಳೂ ಬೇಗನೆ ಒಪ್ಪಿದವು. 1857ರಲ್ಲಿ ಸ್ಥಾಪನೆಯಾಗಿದ್ದ ಥೇಮ್ಸ್ ಕನ್ಸರ್ವೆನ್ಸಿ ಎಂಬ ಆಡಳಿತ ಮಂಡಳಿ 1872ರ ತನ್ನ ಕಟ್ಟಳೆಗಳಲ್ಲಿ ನದಿಗೂ ಅದನ್ನೇ ವಿಧಿಸಿತು.

ಕಾಗದದ ಮೇಲೆ ಎಲ್ಲವೂ ಸ್ಪಷ್ಟವಾಗಿತ್ತು. ನೀರಿನ ಮೇಲೆ ನಡೆಯುತ್ತಿದ್ದದ್ದು ಬೇರೆ. ಇಳಿತದ ಸೆಳೆತ ನದಿಯ ನಡುವೆ ಜೋರು, ತಿರುವಿನ ಒಳಮಗ್ಗುಲಿನ ಮೂಲೆಗಳಲ್ಲಿ ಕಡಿಮೆ. ಹಾಗಾಗಿ ಸೆಳೆತದ ಎದುರು ಬರುವ ಹಡಗುಗಳು ನದಿಯ ನಡುಭಾಗ ಬಿಟ್ಟು ಮೂಲೆಯಿಂದ ಮೂಲೆಗೆ ಹಾಯುತ್ತ, ನಿಂತ ನೀರನ್ನು ಹುಡುಕಿಕೊಂಡು ಮೇಲೇರುತ್ತಿದ್ದವು. ಇದರಿಂದ ಕಲ್ಲಿದ್ದಲೂ ಉಳಿಯುತ್ತಿತ್ತು, ಹೊತ್ತೂ ಉಳಿಯುತ್ತಿತ್ತು. ಅಂಬಿಗರ ಕಾಲದಿಂದ ಬಂದ ಈ ವಾಡಿಕೆಯನ್ನು ಉಗಿಹಡಗಿನ ಕಪ್ತಾನರೂ ಪಾಲಿಸುತ್ತಿದ್ದರು. ನಿಯಮವನ್ನೇ ನಂಬಿದವನು ಎದುರಿನ ಹಡಗು ತನ್ನ ಎಡಕ್ಕೆ ಬರುವುದೆಂದು ಕಾಯುತ್ತಿದ್ದ. ವಾಡಿಕೆ ಬಲ್ಲವನು ಅದು ಮೂಲೆಗೆ ಹೋಗುವುದೆಂದು ಊಹಿಸುತ್ತಿದ್ದ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿದ್ದರು.

ಚುಕ್ಕಾಣಿಯ ಆಜ್ಞೆಗಳದ್ದೂ ಗೊಂದಲವೇ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ಹಡಗು ಬಲಕ್ಕೆ ತಿರುಗುತ್ತದೆ. ಹಿಡಿಯ ಜಾಗಕ್ಕೆ ಚಕ್ರ ಬಂದ ಮೇಲೂ ಹಳೆಯ ಮಾತೇ ಉಳಿಯಿತು; ‘ಎಡಕ್ಕೆ’ ಎಂದು ಕೂಗಿದರೆ ಹಡಗಿನ ಮೂತಿ ಬಲಕ್ಕೆ ಹೊರಳುತ್ತಿತ್ತು. ಈ ತಿರುವುಮುರುವು ಆಜ್ಞೆ ಬ್ರಿಟಿಷ್ ಹಡಗುಗಳಿಂದ ಮರೆಯಾದದ್ದು 1930ರ ದಶಕದಲ್ಲಿ.

1878ರ ಸೆಪ್ಟೆಂಬರ್ 3

‘ಪ್ರಿನ್ಸೆಸ್ ಆಲಿಸ್’ 1865ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಕಟ್ಟಿದ, ಸುಮಾರು 67 ಮೀಟರ್ ಉದ್ದದ ಪ್ಯಾಡಲ್ ಹಡಗು. ಲಂಡನ್ ಮತ್ತು ಗ್ರೇವ್ಸೆಂಡ್ ನಡುವೆ 936 ಮಂದಿಯನ್ನು ಸಾಗಿಸಲು ಅದಕ್ಕೆ ಪರವಾನಗಿ ಇತ್ತು. ಹಡಗಿನಲ್ಲಿದ್ದ ಜೀವರಕ್ಷಕ ಸಾಧನಗಳೆಂದರೆ ಎರಡು ಲೈಫ್‌ಬೋಟ್ ಮತ್ತು 12 ತೇಲುಬಳೆಗಳು. ಅಂದು ಮಂಗಳವಾರ. ಶೀರ್‌ನೆಸ್‌ವರೆಗೆ ವಿಹಾರ ಹೋದವರು ಮತ್ತು ಗ್ರೇವ್ಸೆಂಡ್ ಬಳಿಯ ರೋಶರ್‌ವಿಲ್ ಉದ್ಯಾನದಲ್ಲಿ ದಿನ ಕಳೆದವರು ಸಂಜೆ ಅದರಲ್ಲಿ ಲಂಡನ್ನಿಗೆ ಮರಳುತ್ತಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳುಮರಿಗಳೊಂದಿಗೆ ಬಂದಿದ್ದ ಸಾಧಾರಣ ಸಂಸಾರಗಳು.

ಅದೇ ಹೊತ್ತಿಗೆ ಮಿಲ್ವಾಲ್‌ನಿಂದ ‘ಬೈವೆಲ್ ಕ್ಯಾಸಲ್’ ಎಂಬ 890 ಟನ್ನಿನ ಕಲ್ಲಿದ್ದಲು ಹಡಗು ಕೆಳಮುಖವಾಗಿ ಬರುತ್ತಿತ್ತು. ನ್ಯೂಕಾಸಲ್‌ನಲ್ಲಿ ಕಲ್ಲಿದ್ದಲು ತುಂಬಿಕೊಂಡು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗಬೇಕಿದ್ದ ಆ ಹಡಗು ಆಗ ಖಾಲಿ. ಖಾಲಿ ಹಡಗು ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ. ಎತ್ತರದ ಮೂತಿ ಮುಂದಿನ ನೋಟವನ್ನು ಮರೆಮಾಡುತ್ತದೆ. ಕಪ್ತಾನ ಥಾಮಸ್ ಹ್ಯಾರಿಸನ್‌ಗೆ ಥೇಮ್ಸ್‌ನ ಪರಿಚಯ ಸಾಲದ ಕಾರಣ ಕ್ರಿಸ್ಟೋಫರ್ ಡಿಕ್ಸ್ ಎಂಬ ನದಿ ಪೈಲಟ್‌ನನ್ನು ಹತ್ತಿಸಿಕೊಳ್ಳಲಾಗಿತ್ತು.

ಸಂಜೆ ಏಳೂವರೆಯ ಆಸುಪಾಸಿನಲ್ಲಿ, ವೂಲಿಚ್‌ಗೆ ತುಸು ಕೆಳಗೆ, ಟ್ರಿಪ್‌ಕಾಕ್ ಮೂಲೆಯನ್ನು ಬಳಸಿ ಪ್ರಿನ್ಸೆಸ್ ಆಲಿಸ್ ಗ್ಯಾಲಿಯನ್ಸ್ ರೀಚ್ ಎಂಬ ನೇರ ಹರಿವಿಗೆ ಬಂದಿತು. ಅದು ಉತ್ತರದ ದಡದ ಕಡೆಗೆ ಹಾಯುತ್ತಿದೆ ಎಂದು ಬೈವೆಲ್ ಕ್ಯಾಸಲ್‌ನವರು ಭಾವಿಸಿ ಅದರ ಹಿಂಬದಿಯಿಂದ ದಾಟಿಹೋಗಲು ದಕ್ಷಿಣಕ್ಕೆ ಸರಿದರು. ಪ್ರಿನ್ಸೆಸ್ ಆಲಿಸ್‌ನ ಕಪ್ತಾನ ವಿಲಿಯಂ ಗ್ರಿನ್‌ಸ್ಟೆಡ್ ವಾಡಿಕೆಯಂತೆ ನಿಂತ ನೀರಿನ ಆಸರೆಗಾಗಿ ಅದೇ ದಕ್ಷಿಣ ದಡದ ಕಡೆಗೆ ಹಡಗನ್ನು ತಿರುಗಿಸಿದ. ಕಲ್ಲಿದ್ದಲು ಹಡಗಿನ ಮೂತಿ ವಿಹಾರದ ಹಡಗಿನ ಬಲಮಗ್ಗುಲಿಗೆ, ಪ್ಯಾಡಲ್ ಗೂಡಿನ ತುಸು ಮುಂದೆ ಹೊಕ್ಕಿತು. ಪ್ರಿನ್ಸೆಸ್ ಆಲಿಸ್ ತುಂಡಾಗಿ ನಾಲ್ಕೇ ನಿಮಿಷಗಳಲ್ಲಿ ಮುಳುಗಿತು.

ಬೈವೆಲ್ ಕ್ಯಾಸಲ್‌ನ ನಾವಿಕರು ಹಗ್ಗಗಳನ್ನು ಇಳಿಬಿಟ್ಟರು, ದೋಣಿ ಇಳಿಸಿದರು. ದಡದ ಅಂಬಿಗರು ಧಾವಿಸಿ ಬಂದರು. ಪ್ರಿನ್ಸೆಸ್ ಆಲಿಸ್‌ನ ಕಂಪನಿಯದೇ ಆದ ‘ಡ್ಯೂಕ್ ಆಫ್ ಟೆಕ್’ ಹಡಗು ಹತ್ತು ನಿಮಿಷದ ಅಂತರದಲ್ಲಿ ಬಂದರೂ ಆ ವೇಳೆಗೆ ಎತ್ತಲು ಉಳಿದಿದ್ದವರು ತೀರ ಕಡಿಮೆ. ಈಜು ಬಲ್ಲವರು ವಿರಳ. ಹೆಂಗಸರ ಭಾರಿ ಉಡುಪು ನೀರು ಹೀರಿ ಕೆಳಗೆಳೆಯಿತು. ಬದುಕಿ ಹೊರಬಂದವರು ಸುಮಾರು 130 ಮಂದಿ, ಅವರಲ್ಲೂ ಕೆಲವರು ಆಮೇಲೆ ತೀರಿಕೊಂಡರು. ಹಡಗಿನಲ್ಲಿ ಪ್ರಯಾಣಿಕರ ಪಟ್ಟಿ ಇಡುವ ಪದ್ಧತಿ ಇರಲಿಲ್ಲ. ಹಾಗಾಗಿ ಸತ್ತವರ ಲೆಕ್ಕ 600ರಿಂದ 700ರ ನಡುವೆ ಎಂಬಷ್ಟಕ್ಕೇ ನಿಂತಿದೆ. ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳಲ್ಲಿ ಇದಕ್ಕಿಂತ ದೊಡ್ಡ ದುರಂತ ನಡೆದಿಲ್ಲ.

ನೀರಿನ ಗುಣವೂ ಸಾವಿಗೆ ಸೇರಿಕೊಂಡಿತು. 1858ರ ಬೇಸಿಗೆಯ ಸಹಿಸಲಾಗದ ದುರ್ನಾತದ ಬಳಿಕ ಎಂಜಿನಿಯರ್ ಜೋಸೆಫ್ ಬಾಜಲ್ಗೆಟ್ ಲಂಡನ್ನಿನ ಕೊಳಚೆಯನ್ನು ನಗರದಾಚೆ ಒಯ್ಯುವ ದೊಡ್ಡ ಕಾಲುವೆಗಳನ್ನು ಕಟ್ಟಿಸಿದ್ದರು. ಅವು ಬಂದು ಸುರಿಯುತ್ತಿದ್ದದ್ದು ಬಾರ್ಕಿಂಗ್ ಮತ್ತು ಕ್ರಾಸ್‌ನೆಸ್ ಬಳಿ, ಡಿಕ್ಕಿಯಾದ ಜಾಗದ ಹತ್ತಿರದಲ್ಲೇ. ಡಿಕ್ಕಿಗೆ ಸುಮಾರು ಒಂದು ಗಂಟೆ ಮೊದಲು ದಿನನಿತ್ಯದ ಕ್ರಮದಂತೆ 34 ಕೋಟಿ ಲೀಟರಿನಷ್ಟು ಕೊಳಚೆ ನೀರನ್ನು ನದಿಗೆ ಬಿಡಲಾಗಿತ್ತು. ಮೇಲೆತ್ತಿದ ಶವಗಳು ಬೇಗ ಕೊಳೆತು ಗುರುತು ಸಿಗದಾದವು. ವೂಲಿಚ್ ಹಡಗುಕಟ್ಟೆಯ ಕೊಟ್ಟಿಗೆಗಳಲ್ಲಿ ಮನೆಯವರು ಉಡುಪು, ಉಂಗುರ, ಬೂಟು ನೋಡಿ ತಮ್ಮವರನ್ನು ಗುರುತಿಸಬೇಕಾಯಿತು. ಶವ ಎತ್ತಿದ ದೋಣಿಯವರಿಗೆ ತಲಾ ಐದು ಶಿಲಿಂಗ್ ಕೂಲಿ ಗೊತ್ತು ಮಾಡಿದ್ದರಿಂದ ಕೆಲವೊಮ್ಮೆ ಹೆಣಗಳಿಗಾಗಿ ಜಗಳಗಳೂ ನಡೆದವು. ಗುರುತು ಹತ್ತದ 120 ಮಂದಿಯನ್ನು ವೂಲಿಚ್‌ನ ಹಳೆಯ ಸ್ಮಶಾನದಲ್ಲಿ ಮಣ್ಣು ಮಾಡಲಾಯಿತು. ಅಲ್ಲಿ ನಿಂತಿರುವ ಕಲ್ಲಿನ ಶಿಲುಬೆಗೆ 23,000ಕ್ಕೂ ಹೆಚ್ಚು ಜನ ಆರಾರು ಪೆನ್ಸ್‌ನಂತೆ ಚಂದಾ ಎತ್ತಿ ಕೊಟ್ಟರು.

ತಪ್ಪು ಯಾರದು

ಸಾವಿನ ಕಾರಣ ತಿಳಿಯಲು ಕಾರೋನರ್ ಚಾರ್ಲ್ಸ್ ಕಾರ್ಟರ್ ವೂಲಿಚ್‌ನಲ್ಲಿ ವಾರಗಟ್ಟಲೆ ವಿಚಾರಣೆ ನಡೆಸಿದರು. ಬೈವೆಲ್ ಕ್ಯಾಸಲ್ ತಕ್ಕ ಹೊತ್ತಿಗೆ ಯಂತ್ರ ನಿಲ್ಲಿಸಿ ಹಿಂದಕ್ಕೆ ಚಲಿಸಲಿಲ್ಲ, ಪ್ರಿನ್ಸೆಸ್ ಆಲಿಸ್ ಕೂಡ ನಿಲ್ಲದೆ ಡಿಕ್ಕಿಗೆ ಕಾರಣವಾಯಿತು ಎಂದು ಅಲ್ಲಿನ ಜ್ಯೂರಿ ತೀರ್ಮಾನಿಸಿತು. ಹಡಗಿನಲ್ಲಿ ಸಿಬ್ಬಂದಿ ಸಾಲದು, ಜನ ಅತಿಯಾಗಿದ್ದರು, ಜೀವ ಉಳಿಸುವ ಸಾಧನಗಳು ಕಡಿಮೆ ಎಂಬುದನ್ನೂ ಅದು ದಾಖಲಿಸಿತು. ಸರ್ಕಾರದ ಬೋರ್ಡ್ ಆಫ್ ಟ್ರೇಡ್ ನಡೆಸಿದ ಬೇರೆ ವಿಚಾರಣೆ ಎಡಕ್ಕೆ ಬಿಟ್ಟು ದಾಟುವ ನಿಯಮ ಮುರಿದದ್ದು ಪ್ರಿನ್ಸೆಸ್ ಆಲಿಸ್ ಎಂದಿತು.

ಮಾಲೀಕರ ದಾವೆಯಲ್ಲಿ ಅಡ್ಮಿರಾಲ್ಟಿ ನ್ಯಾಯಾಲಯ ಇಬ್ಬರನ್ನೂ ಹೊಣೆ ಮಾಡಿತು. 1879ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿದ್ದಿತು. ಕೊನೆಯ ಗಳಿಗೆಯಲ್ಲಿ ಬೈವೆಲ್ ಕ್ಯಾಸಲ್ ಚುಕ್ಕಾಣಿಯನ್ನು ತಪ್ಪು ಕಡೆಗೆ ತಿರುಗಿಸಿದ್ದು ನಿಜವಾದರೂ, ಇನ್ನೊಬ್ಬರ ತಪ್ಪಿನಿಂದ ಒದಗಿದ ಸಂಕಟದ ಕ್ಷಣದಲ್ಲಿ ಮಾಡಿದ ಎಡವಟ್ಟನ್ನು ನಿರ್ಲಕ್ಷ್ಯ ಎನ್ನಲಾಗದು ಎಂದು ನ್ಯಾಯಾಧೀಶರು ಹೇಳಿದರು. ‘ಬೈವೆಲ್ ಕ್ಯಾಸಲ್ ಪ್ರಕರಣ’ ಎಂಬ ಹೆಸರಿನಲ್ಲಿ ಈ ತತ್ತ್ವ ಅಪಕೃತ್ಯ ಕಾನೂನಿನ ಪಠ್ಯಪುಸ್ತಕಗಳನ್ನು ಸೇರಿತು. ಇಂಗ್ಲಿಷ್ ಕಾನೂನಿನ ಪರಂಪರೆಯಲ್ಲಿ ಬೆಳೆದ ಭಾರತದ ಕಾನೂನು ವ್ಯಾಸಂಗಕ್ಕೂ ಹಾಗೆಯೇ ಬಂದಿತು. ಬೈವೆಲ್ ಕ್ಯಾಸಲ್ ಹಡಗು ಮಾತ್ರ ಬಹುಕಾಲ ಉಳಿಯಲಿಲ್ಲ. 1883ರಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಎಲ್ಲ ಸಿಬ್ಬಂದಿಯೊಂದಿಗೆ ಕಣ್ಮರೆಯಾಯಿತು.

ವಾಡಿಕೆಯನ್ನು ಒಪ್ಪಿಕೊಂಡ ನಿಯಮ

ಹೊಣೆ ಯಾರದೆಂಬ ವಾದಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು ನದಿಯ ಕಟ್ಟಳೆಗಳಲ್ಲಿ ಆದ ಬದಲಾವಣೆ. 1880ರಲ್ಲಿ ಬಂದ ಥೇಮ್ಸ್ ನಿಯಮಗಳು ಎಡಕ್ಕೆ ಬಿಟ್ಟು ದಾಟುವುದನ್ನು ಗಟ್ಟಿ ಮಾಡಿದವು. ಅದರ ಜೊತೆಗೆ ಒಂದು ಹೊಸ ಅಂಶವೂ ಸೇರಿತು: ಸೆಳೆತದ ಎದುರು ಬರುವ ಉಗಿಹಡಗು ಹೆಸರಿಸಿದ ಕೆಲವು ಮೂಲೆಗಳನ್ನು ಬಳಸುವ ಮುನ್ನ ಯಂತ್ರದ ವೇಗ ತಗ್ಗಿಸಿ, ಸೆಳೆತದ ಜೊತೆ ಬರುವ ಹಡಗು ದಾಟಿಹೋಗುವವರೆಗೆ ಕಾಯಬೇಕು. ಹೆಸರಿಸಿದ ಮೂಲೆಗಳಲ್ಲಿ ಟ್ರಿಪ್‌ಕಾಕ್ ಕೂಡ ಇತ್ತು. ಇದರ ಹಿಂದಿನ ತರ್ಕ ನದಿಯನ್ನು ಬಲ್ಲವರದು. ಹರಿವಿನೊಂದಿಗೆ ತೇಲಿ ಬರುವ ಹಡಗನ್ನು ನಿಲ್ಲಿಸುವುದು ಕಷ್ಟ. ಹರಿವಿಗೆ ಎದುರಾಗಿ ಬರುವುದು ಯಂತ್ರವನ್ನು ನಿಧಾನವಾಗಿ ಓಡಿಸುತ್ತ ಇದ್ದ ಕಡೆಯೇ ನಿಲ್ಲಬಲ್ಲದು. ಆದ್ದರಿಂದ ಕಾಯುವ ಹೊಣೆ ಕಾಯಲು ಬಲ್ಲವನದು. ಹಳೆಯ ನಿಯಮ ನೀರಿನ ನಡತೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ; ಹೊಸದು ಅದರ ಮೇಲೆಯೇ ನಿಂತಿತು.

ಬೇರೆ ಬದಲಾವಣೆಗಳೂ ಆದವು. 1880ರಲ್ಲೇ ತೆರೆದ ರಾಯಲ್ ಆಲ್ಬರ್ಟ್ ಡಾಕ್ ದೊಡ್ಡ ಸರಕುಹಡಗುಗಳನ್ನು ನದಿಯ ಕೆಳಭಾಗದಲ್ಲೇ ತಡೆದು ನಿಲ್ಲಿಸಿತು. ಹುಟ್ಟುದೋಣಿಗಳಲ್ಲೇ ಗಸ್ತು ತಿರುಗುತ್ತಿದ್ದ ನದಿ ಪೊಲೀಸರಿಗೆ ಉಗಿದೋಣಿ ಬೇಕೆಂದು ವಿಚಾರಣೆಯಲ್ಲಿ ಸಲಹೆ ಬಂದಿತ್ತು; 1880ರ ದಶಕದ ನಡುವಿನಲ್ಲಿ ಮೊದಲ ಎರಡು ದೋಣಿಗಳು ಬಂದವು. ಕೊಳಚೆಯಿಂದ ಗಟ್ಟಿ ಮಲಿನವನ್ನು ರಾಸಾಯನಿಕಗಳಿಂದ ಬೇರ್ಪಡಿಸಿ, 1887ರಿಂದ ಹಡಗುಗಳಲ್ಲಿ ತುಂಬಿ ಸಮುದ್ರಕ್ಕೆ ಸುರಿಯುವ ಕ್ರಮ ಆರಂಭವಾಯಿತು. ಅದು 1998ರವರೆಗೂ ನಡೆಯಿತು. 1909ರಲ್ಲಿ ಪೋರ್ಟ್ ಆಫ್ ಲಂಡನ್ ಅಥಾರಿಟಿ ರಚನೆಯಾದಾಗ ಟೆಡಿಂಗ್ಟನ್‌ನಿಂದ ಕೆಳಗಿನ ನದಿಯ ಆಡಳಿತ ಕನ್ಸರ್ವೆನ್ಸಿಯಿಂದ ಅದರ ಕೈಗೆ ಬಂದಿತು. ಮಂಜು ಕವಿದಾಗಲೂ ಹಡಗುಗಳ ಚಲನೆ ಕಾಣುವಂತೆ 1959ರಲ್ಲಿ ಗ್ರೇವ್ಸೆಂಡ್‌ನಲ್ಲಿ ರೇಡಾರ್ ಇರುವ ಸಂಚಾರ ಕೇಂದ್ರವನ್ನು ಅಥಾರಿಟಿ ತೆರೆಯಿತು.

‘ಮಾರ್ಷನೆಸ್’ ದುರಂತ

ಕಂಟೇನರ್ ಹಡಗುಗಳ ಕಾಲದಲ್ಲಿ ಲಂಡನ್ನಿನ ಹಳೆಯ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದವು. 1967ರಲ್ಲಿ ಈಸ್ಟ್ ಇಂಡಿಯಾ ಡಾಕ್‌ನಿಂದ ಮೊದಲಾಗಿ 1981ರಲ್ಲಿ ರಾಯಲ್ ಡಾಕ್‌ಗಳವರೆಗೆ ಸರಕು ನದಿಯ ಕೆಳಭಾಗದ ಟಿಲ್ಬರಿ ಬಂದರಿನ ಕಡೆ ಸರಿಯಿತು. ನಗರದ ನಡುವಿನ ನದಿ ಖಾಲಿಯಾದಂತೆ ಕಂಡರೂ ಪ್ರವಾಸಿ ದೋಣಿಗಳು, ರಾತ್ರಿಯ ಔತಣಕೂಟಗಳ ದೋಣಿಗಳು ಹೆಚ್ಚಿದವು. ಅವುಗಳ ನಡುವೆ ಸಮುದ್ರತಳದ ಮರಳು ಜಲ್ಲಿಯನ್ನು ಎತ್ತಿ ಕಟ್ಟಡ ಕೆಲಸಕ್ಕೆ ತರುವ ಡ್ರೆಜರ್ ಹಡಗುಗಳು ಸೇತುವೆಗಳ ಕೆಳಗೆ ಓಡಾಡುತ್ತಲೇ ಇದ್ದವು. 1878ರ ಇದಿರುಬದಿರು ಬೇರೆ ರೂಪದಲ್ಲಿ ಮರುಕಳಿಸಿತ್ತು.

1989ರ ಆಗಸ್ಟ್ 20ರ ನಸುಕಿನ ಎರಡು ಗಂಟೆಯೊಳಗೆ, ಹುಟ್ಟುಹಬ್ಬದ ಕೂಟಕ್ಕೆಂದು ಸುಮಾರು 130 ಮಂದಿಯನ್ನು ಹತ್ತಿಸಿಕೊಂಡಿದ್ದ ‘ಮಾರ್ಷನೆಸ್’ ದೋಣಿಗೆ ಸದರ್ಕ್ ಸೇತುವೆ ಮತ್ತು ಕ್ಯಾನನ್ ಸ್ಟ್ರೀಟ್ ರೈಲು ಸೇತುವೆಯ ನಡುವೆ ‘ಬೋಬೆಲ್’ ಎಂಬ ಡ್ರೆಜರ್ ಹಿಂದಿನಿಂದ ಬಡಿಯಿತು. ಎರಡೂ ಒಂದೇ ದಿಕ್ಕಿಗೆ, ಕೆಳಮುಖವಾಗಿ ಸಾಗುತ್ತಿದ್ದವು. ದೋಣಿ 26 ಮೀಟರ್ ಉದ್ದ, ಡ್ರೆಜರ್ 80 ಮೀಟರ್. 1923ರಲ್ಲಿ ಕಟ್ಟಿದ ಮಾರ್ಷನೆಸ್ 1940ರಲ್ಲಿ ಡಂಕರ್ಕ್‌ನಿಂದ ಸೈನಿಕರನ್ನು ತೆರವುಗೊಳಿಸಿದ ಸಣ್ಣ ದೋಣಿಗಳ ಸಾಲಿಗೆ ಸೇರಿದ್ದು. ಅದು ಅರ್ಧ ನಿಮಿಷದಲ್ಲಿ ಮುಳುಗಿ 51 ಮಂದಿ ಸತ್ತರು. ನೀರಿಗೆ ಬಿದ್ದವರನ್ನು ಎತ್ತಿದ್ದು ಹತ್ತಿರದಲ್ಲಿದ್ದ ‘ಹರ್ಲಿಂಗ್‌ಹ್ಯಾಮ್’ ಎಂಬ ಇನ್ನೊಂದು ವಿಹಾರದೋಣಿ ಮತ್ತು ಪೊಲೀಸ್ ದೋಣಿಗಳು. ಜೀವ ಉಳಿಸುವುದಕ್ಕೆಂದೇ ಮೀಸಲಾದ ದೋಣಿ ಇಡೀ ನಗರದ ನದಿಯಲ್ಲಿ ಒಂದೂ ಇರಲಿಲ್ಲ.

ಇಲ್ಲಿ ಯಾವ ಪಕ್ಕಕ್ಕೆ ಸರಿಯಬೇಕು ಎಂಬ ಗೊಂದಲವಿರಲಿಲ್ಲ. ಒಬ್ಬರು ಇನ್ನೊಬ್ಬರನ್ನು ಕಂಡೇ ಇರಲಿಲ್ಲ. ಡ್ರೆಜರಿನ ಚುಕ್ಕಾಣಿಯ ಕೋಣೆ ಹಿಂಭಾಗದಲ್ಲಿತ್ತು, ಮುಂದಿನ ಯಂತ್ರಸಾಮಗ್ರಿ ನೋಟಕ್ಕೆ ಅಡ್ಡವಾಗಿತ್ತು. ಮಾರ್ಷನೆಸ್‌ಗೆ ಆಮೇಲೆ ಕಟ್ಟಿದ ಮೇಲಂತಸ್ತಿನಿಂದಾಗಿ ಅದರ ಚಾಲಕನಿಗೆ ಹಿಂದೆ ಬರುವುದು ಕಾಣುತ್ತಿರಲಿಲ್ಲ. ತನಿಖೆ ನಡೆಸಿದ್ದು ಅದೇ ವರ್ಷ ಹುಟ್ಟಿದ ಸಾಗರ ಅಪಘಾತ ತನಿಖಾ ವಿಭಾಗ. ತಪ್ಪಿತಸ್ಥರನ್ನು ಹುಡುಕದೆ ಕಾರಣಗಳನ್ನು ಹುಡುಕುವುದು ಅದರ ಕೆಲಸ. ಎರಡೂ ಕಡೆ ಸುತ್ತಲಿನ ಮೇಲೆ ನಿಗಾ ಇಡುವ ವ್ಯವಸ್ಥೆ ಸೋತಿತ್ತು ಎಂದು ಅದು 1991ರಲ್ಲಿ ವರದಿ ಮಾಡಿತು. ಸತ್ತವರ ಮನೆಯವರಿಗೆ ಅಷ್ಟು ಸಾಕಾಗಲಿಲ್ಲ. ಡ್ರೆಜರಿನ ಕಪ್ತಾನನ ಮೇಲಿನ ಮೊಕದ್ದಮೆಯಲ್ಲಿ ಎರಡು ಬಾರಿಯೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಗುರುತು ಪತ್ತೆಗೆಂದು 25 ಶವಗಳ ಕೈಗಳನ್ನು ಕತ್ತರಿಸಿದ್ದು ಹೊರಬಿದ್ದಾಗ ಆಕ್ರೋಶ ಇನ್ನಷ್ಟು ಹೆಚ್ಚಿತು. ಹತ್ತು ವರ್ಷಗಳ ಹೋರಾಟದ ನಂತರ ಲಾರ್ಡ್ ಜಸ್ಟಿಸ್ ಕ್ಲಾರ್ಕ್ ಅವರ ನೇತೃತ್ವದಲ್ಲಿ ಪೂರ್ಣ ವಿಚಾರಣೆ ನಡೆದು 2001ರಲ್ಲಿ ವರದಿ ಬಂದಿತು. ಎರಡೂ ಹಡಗುಗಳ ನಿಗಾದ ಕೊರತೆಯ ಜೊತೆಗೆ, ಸಿಬ್ಬಂದಿಗೆ ಸರಿಯಾದ ಸೂಚನೆ ಕೊಡದ ಮಾಲೀಕರ ಹೊಣೆಯನ್ನೂ ಅದು ಎತ್ತಿ ತೋರಿಸಿತು.

ಇಂದಿನ ವ್ಯವಸ್ಥೆ

ಕ್ಲಾರ್ಕ್ ಅವರ ಶಿಫಾರಸುಗಳ ಫಲವಾಗಿ 2002ರ ಜನವರಿಯಲ್ಲಿ ಗ್ರೇವ್ಸೆಂಡ್, ಟವರ್, ಚಿಸಿಕ್, ಟೆಡಿಂಗ್ಟನ್‌ಗಳಲ್ಲಿ ಲೈಫ್‌ಬೋಟ್ ಠಾಣೆಗಳು ತೆರೆದವು. ಇವನ್ನು ನಡೆಸುವುದು ಆರ್‌ಎನ್‌ಎಲ್‌ಐ ಎಂಬ ದತ್ತಿಸಂಸ್ಥೆ. ಕಡಲ ದಡದಲ್ಲಿ ಶತಮಾನ ದಾಟಿ ಕೆಲಸ ಮಾಡಿದ ಆ ಸಂಸ್ಥೆ ನದಿಗೆಂದೇ ಕಟ್ಟಿದ ಮೊದಲ ಠಾಣೆಗಳು ಇವೇ. ಟವರ್ ಠಾಣೆ 2006ರಲ್ಲಿ ವಾಟರ್ಲೂ ಸೇತುವೆಯ ಬಳಿಗೆ ಬಂದಿತು. ದೇಶದಲ್ಲೇ ಅತಿ ಹೆಚ್ಚು ಕರೆ ಸ್ವೀಕರಿಸುವ ಠಾಣೆ ಅದು. ಪ್ರೊಪೆಲರ್ ಬದಲು ನೀರಿನ ಧಾರೆಯ ಒತ್ತಡದಿಂದ ಓಡುವ ದೋಣಿಗಳು ಕರೆ ಬಂದ ಒಂದೂವರೆ ನಿಮಿಷದೊಳಗೆ ಹೊರಡಬೇಕೆಂಬ ಗುರಿ ಇಟ್ಟುಕೊಂಡಿವೆ. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಮುಳುಗಲು ನಾಲ್ಕು ನಿಮಿಷ, 1989ರಲ್ಲಿ ಮಾರ್ಷನೆಸ್‌ಗೆ ಅರ್ಧ ನಿಮಿಷ ಸಾಕಾಗಿತ್ತು ಎಂಬುದರ ಜೊತೆ ಇಟ್ಟು ನೋಡಿದರೆ ಈ ಒಂದೂವರೆ ನಿಮಿಷದ ಬೆಲೆಯೂ ಮಿತಿಯೂ ಗೊತ್ತಾಗುತ್ತವೆ. ಡಿಕ್ಕಿಯನ್ನು ತಡೆಯುವ ಕೆಲಸ ರಕ್ಷಣೆಯ ಕೆಲಸಕ್ಕಿಂತ ಮೊದಲು ಬರಬೇಕಾದದ್ದು ಅದಕ್ಕಾಗಿಯೇ.

ಆ ಕೆಲಸ ಈಗ ಹೆಚ್ಚಾಗಿ ದಡದಿಂದ ನಡೆಯುತ್ತದೆ. ಗ್ರೇವ್ಸೆಂಡ್‌ನ ನಿಯಂತ್ರಣ ಕೇಂದ್ರ ಮತ್ತು ಪ್ರವಾಹ ತಡೆಯುವ ಥೇಮ್ಸ್ ತಡೆಗೋಡೆಯ ಬಳಿಯ ಕೇಂದ್ರ ರೇಡಾರ್, ರೇಡಿಯೊ ಮತ್ತು ಹಡಗಿನ ಗುರುತು, ಸ್ಥಾನಗಳನ್ನು ತಾನಾಗಿ ಬಿತ್ತರಿಸುವ ಎಐಎಸ್ ಸಾಧನಗಳಿಂದ ಸಂಚಾರವನ್ನು ಗಮನಿಸುತ್ತವೆ. ರೇಡಾರ್ ಕಣ್ಗಾವಲು ಇದ್ದರೂ ಅಪಾಯ ಪೂರ್ತಿ ದೂರವಾಗುವುದಿಲ್ಲ. 1997ರ ಅಕ್ಟೋಬರಿನಲ್ಲಿ ‘ಸ್ಯಾಂಡ್ ಕೈಟ್’ ಎಂಬ ಡ್ರೆಜರ್ ದಟ್ಟ ಮಂಜಿನಲ್ಲಿ ಅದೇ ತಡೆಗೋಡೆಯ ಕಂಬಕ್ಕೆ ಗುದ್ದಿ 3,300 ಟನ್ ಜಲ್ಲಿಯನ್ನು ನದಿಯಲ್ಲಿ ಚೆಲ್ಲಿತು.

ಹಡಗುಗಳ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ಪರಿಷ್ಕೃತಗೊಂಡು 1977ರ ಜುಲೈ 15ರಿಂದ ಜಾರಿಯಲ್ಲಿವೆ. ಇಕ್ಕಟ್ಟಿನ ಜಲಮಾರ್ಗದಲ್ಲಿ ಹಡಗು ತನ್ನ ಬಲದ ಅಂಚಿಗೆ ಆದಷ್ಟು ಹತ್ತಿರ ಸಾಗಬೇಕು. ಬಲಕ್ಕೆ ತಿರುಗುವಾಗ ಒಂದು ಚಿಕ್ಕ ಸಿಳ್ಳು, ಎಡಕ್ಕೆ ಎರಡು, ಯಂತ್ರವನ್ನು ಹಿಮ್ಮುಖ ಓಡಿಸುವಾಗ ಮೂರು, ಎದುರಿನವನ ಉದ್ದೇಶ ತಿಳಿಯದಿದ್ದರೆ ಕನಿಷ್ಠ ಐದು. ಥೇಮ್ಸ್‌ನ ಸೇತುವೆಗಳಿಗೆ ಬೇರೆಯೇ ಗುರುತುಗಳಿವೆ. ದಾಟಬಹುದಾದ ಕಮಾನಿಗೆ ಎರಡು ಹಳದಿ ದೀಪ, ಮುಚ್ಚಿದ ಕಮಾನಿಗೆ ತಲೆಕೆಳಗಾದ ತ್ರಿಕೋನದಂತೆ ಮೂರು ಕೆಂಪು ದೀಪ. ದೊಡ್ಡ ಹಡಗು ಸೇತುವೆಗೆ ಸಮೀಪಿಸಿದಾಗ ಸಣ್ಣ ದೋಣಿಗಳನ್ನು ಎಚ್ಚರಿಸಲು ಕಮಾನುಗಳ ಮೇಲೆ ಬಿಳಿ ದೀಪ ಮಿನುಗುತ್ತದೆ. ದುರಸ್ತಿಯಿಂದಾಗಿ ಕಮಾನಿನ ಎತ್ತರ ಕಡಿಮೆಯಾಗಿದ್ದರೆ ಹಗಲು ಹೊತ್ತು ಅಲ್ಲಿ ಒಣಹುಲ್ಲಿನ ಒಂದು ಕಟ್ಟನ್ನು ತೂಗುಹಾಕಬೇಕೆಂಬ ಹಳೆಯ ಕಟ್ಟಳೆ ಇಂದಿಗೂ ಜಾರಿಯಲ್ಲಿದೆ.